ಶಪೀರಾನ ತೊಗಲಿನ ಪಟ್ಟಿಗಳು: ಖೋಟಾ ಅಂದವರು ಸರಿಯಾಗಿ ನೋಡಿದ್ರಾ?

ಓಲೆಗರಿ

ಎರಡು ವಾರದಿಂದ ಒಂದೇ ವಿಷಯ ತಲೆ ಕೊರೆಯುತ್ತಿದೆ. ಇಲ್ಲಿ ಹಳೇ ಲಿಪಿ ಗೊತ್ತಿರುವವರೂ ಇದ್ದೀರಿ, ಬೈಬಲ್ ಓದಿಕೊಂಡವರೂ ಇದ್ದೀರಿ. ಅದಕ್ಕೇ ಹಾಕುತ್ತಿದ್ದೇನೆ. ಉದ್ದ ಇದೆ, ಬೈಕೋಬೇಡಿ.

1883ರ ಜುಲೈ. ಜೆರುಸಲೇಮಿನ ಒಬ್ಬ ಅಂಗಡಿಯವನು ಲಂಡನ್ನಿಗೆ ಬಂದಿಳಿದ. ಹೆಸರು ಮೋಸೆಸ್ ವಿಲ್ಹೆಲ್ಮ್ ಶಪೀರಾ. ಹುಟ್ಟಿದ್ದು ಆಗಿನ ರಷ್ಯಾ ಸಾಮ್ರಾಜ್ಯದ ಒಂದು ಯಹೂದಿ ಮನೆಯಲ್ಲಿ. ಜೆರುಸಲೇಮಿಗೆ ಬರುವ ದಾರಿಯಲ್ಲೇ ಕ್ರೈಸ್ತನಾದ. ಯಾತ್ರಿಕರಿಗೆ ನೆನಪಿನ ಸಾಮಾನು ಮಾರುತ್ತಿದ್ದ. ಯುರೋಪಿನ ಗ್ರಂಥಾಲಯಗಳಿಗೆ ಯೆಮೆನ್ ಕಡೆಯ ಹೀಬ್ರೂ ಹಸ್ತಪ್ರತಿಗಳನ್ನು ಮಾರುತ್ತಿದ್ದ. ಅವು ಅಸಲಿ, ಅದರಲ್ಲಿ ಯಾರಿಗೂ ಅನುಮಾನ ಇಲ್ಲ.

ಈ ಸಲ ತಂದಿದ್ದು ಹದಿನೈದು ಚಿಲ್ಲರೆ ತೊಗಲಿನ ಪಟ್ಟಿಗಳು. ಮೂರೂವರೆ ಇಂಚು ಎತ್ತರ, ಏಳು ಇಂಚು ಅಗಲ. ಕಪ್ಪಿಟ್ಟು ಹೋಗಿದ್ದವು. ಮೇಲಿದ್ದದ್ದು ಈಗಿನ ಚೌಕ ಹೀಬ್ರೂ ಅಕ್ಷರ ಅಲ್ಲ, ಅದಕ್ಕಿಂತ ಹಿಂದಿನ ಲಿಪಿ. ಓದಿದರೆ ಬೈಬಲಿನ ಐದನೇ ಪುಸ್ತಕ, ಅಂದರೆ ಧರ್ಮೋಪದೇಶಕಾಂಡ. ಆದರೆ ನಾವು ಓದುವ ಧರ್ಮೋಪದೇಶಕಾಂಡ ಅಲ್ಲ. 12ರಿಂದ 26ನೇ ಅಧ್ಯಾಯದವರೆಗಿನ ಕಟ್ಟಳೆಗಳು ಇಲ್ಲವೇ ಇಲ್ಲ. ಇಸ್ರೇಲರ ನಾಯಕ ಮೋಶೆ ಸಾಯುವ ಪ್ರಸಂಗ ಇಲ್ಲ. ಹತ್ತು ಆಜ್ಞೆಗಳು ಇವೆ, ಆದರೆ ಒಂದೊಂದು ಆಜ್ಞೆ ಮುಗಿದ ಮೇಲೂ ‘ನಾನೇ ದೇವರು, ನಿನ್ನ ದೇವರು’ ಅಂತ ಪಲ್ಲವಿ ಥರ ಬರುತ್ತದೆ. ಶಪೀರಾ ಕೇಳಿದ ಬೆಲೆ ಹತ್ತು ಲಕ್ಷ ಪೌಂಡ್!

ಅವನ ಪ್ರಕಾರ ಇವು ಸಿಕ್ಕಿದ್ದು ಮೃತ ಸಮುದ್ರದ ಪೂರ್ವಕ್ಕೆ, ವಾದಿ ಮುಜಿಬ್ ಕಣಿವೆಯ ಗುಹೆಯಲ್ಲಿ. ಅಧಿಕಾರಿಗಳಿಂದ ತಪ್ಪಿಸಿಕೊಂಡ ಬೆದುಯಿನ್ ಅಲೆಮಾರಿ ಜನ ಅಲ್ಲಿ ಅಡಗಿದ್ದರಂತೆ. ಹಳೇ ಬಟ್ಟೆಯ ಗಂಟುಗಳು ಕಂಡವು. ಚಿನ್ನ ಇರಬೇಕು ಅಂತ ಬಿಚ್ಚಿದರು. ಕಪ್ಪು ತೊಗಲು ಬಿಟ್ಟು ಏನೂ ಇಲ್ಲ, ಎಸೆದರು. ಒಬ್ಬ ಮಾತ್ರ ತಾಯಿತದ ಹಾಗೆ ಡೇರೆಯಲ್ಲಿ ಇಟ್ಟುಕೊಂಡ. ಅಲ್ಲಿಂದ ಮುಂದೆ ಅವನ ಕುರಿ ಮಂದೆ ಬೆಳೆಯಿತಂತೆ.

ಲಂಡನ್ನಿಗೆ ಬರುವ ಮೊದಲು ಬರ್ಲಿನ್ನಿನಲ್ಲಿ ತೋರಿಸಿದ್ದ. ಜುಲೈ 10ರಂದು ಲೆಪ್ಸಿಯುಸ್ ನೇತೃತ್ವದ ವಿದ್ವಾಂಸರ ಗುಂಪು ಒಂದೂವರೆ ಗಂಟೆ ಕೂತು ನೋಡಿ ಖೋಟಾ ಅಂತ ಎದ್ದಿತು. ಲಂಡನ್ನಿನಲ್ಲಿ ಬ್ರಿಟಿಷ್ ಮ್ಯೂಸಿಯಂ ಈ ಕೆಲಸವನ್ನು ಹೀಬ್ರೂ ಬೈಬಲ್ ವಿದ್ವಾಂಸ ಕ್ರಿಶ್ಚಿಯನ್ ಡೇವಿಡ್ ಗಿನ್ಸ್‌ಬರ್ಗ್‌ಗೆ ಒಪ್ಪಿಸಿತು. ಆತ ವಾರಗಟ್ಟಲೆ ಓದಿದ, ಪತ್ರಿಕೆಯಲ್ಲಿ ಪಠ್ಯ ಪ್ರಕಟಿಸಿದ. ಎರಡು ಪಟ್ಟಿಗಳನ್ನು ಗಾಜಿನೊಳಗೆ ಪ್ರದರ್ಶನಕ್ಕಿಟ್ಟರು. ಪ್ರಧಾನಿ ಗ್ಲಾಡ್‌ಸ್ಟನ್ ಕೂಡ ಬಂದು ನೋಡಿ ಹೋದ. ಆಗಸ್ಟ್ ಕೊನೆಗೆ ಗಿನ್ಸ್‌ಬರ್ಗ್ ಕೂಡ ಖೋಟಾ ಅಂತ ವರದಿ ಕೊಟ್ಟ. ಕಾರ್ಟೂನುಗಳು ಬಂದವು. ಶಪೀರಾ ಗಿನ್ಸ್‌ಬರ್ಗ್‌ಗೆ ಒಂದು ಪತ್ರ ಬರೆದ: ನನ್ನನ್ನು ಮೂರ್ಖನನ್ನಾಗಿ ಮಾಡಿದಿರಿ, ಈ ಅವಮಾನ ಹೊತ್ತು ಬದುಕುತ್ತೇನೆ ಅನ್ನಿಸುವುದಿಲ್ಲ ಅಂತ. ಅಲ್ಲಿಂದ ಹಾಲೆಂಡಿಗೆ ಹೋದ. 1884ರ ಮಾರ್ಚ್‌ನಲ್ಲಿ ರಾಟರ್‌ಡ್ಯಾಮಿನ ಒಂದು ಹೋಟೆಲಿನಲ್ಲಿ ಪ್ರಾಣ ಕಳೆದುಕೊಂಡ.

ಮುಂದಿನ ವರ್ಷ ಪಟ್ಟಿಗಳು ಹರಾಜಾದವು. ಹತ್ತು ಪೌಂಡ್ ಐದು ಶಿಲಿಂಗ್. ಈಗ ಎಲ್ಲಿವೆಯೋ ಪತ್ತೆ ಇಲ್ಲ.

ಅರವತ್ತು ಚಿಲ್ಲರೆ ವರ್ಷ ಆದಮೇಲೆ, 1947ರಲ್ಲಿ, ಅದೇ ಮೃತ ಸಮುದ್ರದ ಇನ್ನೊಂದು ದಡದಲ್ಲಿ, ಕುಮ್ರಾನ್ ಗುಹೆಯಲ್ಲಿ ಬೆದುಯಿನ್ ಕುರಿಗಾಹಿಗಳಿಗೆ ತೊಗಲಿನ ಸುರುಳಿಗಳು ಸಿಕ್ಕವು. ಬಟ್ಟೆಯಲ್ಲಿ ಸುತ್ತಿದ್ದವು. ಅವು ಅಸಲಿ. 2021ರಲ್ಲಿ ಇದಾನ್ ಡರ್ಶೋವಿಟ್ಸ್ ಎಂಬ ವಿದ್ವಾಂಸ ಬರ್ಲಿನ್ ಗ್ರಂಥಾಲಯದಲ್ಲಿದ್ದ ಶಪೀರಾನ ಕೈಬರಹದ ಮೂರು ಹಾಳೆಗಳನ್ನು ಮುಂದಿಟ್ಟ. ಪಟ್ಟಿಯ ಅಕ್ಷರ ಬಿಡಿಸಲು ಶಪೀರಾ ಒದ್ದಾಡಿದ್ದು ಅದರಲ್ಲಿ ಕಾಣುತ್ತದೆ. ಪ್ರಶ್ನಾರ್ಥಕ ಚಿಹ್ನೆ, ಹೊಡೆದು ಹಾಕಿದ ಪದ, ತಪ್ಪು ಓದು. ತಾನೇ ಮಾಡಿದ ಖೋಟಾ ಆದರೆ ತನ್ನ ಬರಹ ತಾನೇ ಓದಲು ಯಾಕೆ ತಡಕಾಡಬೇಕು? ಡರ್ಶೋವಿಟ್ಸ್ ಹೇಳೋದು, ಇದು ಧರ್ಮೋಪದೇಶಕಾಂಡಕ್ಕಿಂತ ಹಳೆಯದು, ಅದರ ಮೂಲರೂಪ ಅಂತ.

ನನಗಂತೂ ಶಪೀರಾನಿಗೆ ಅನ್ಯಾಯ ಆಯ್ತು ಅನ್ನಿಸುತ್ತಿದೆ. ನೀವೇನಂತೀರಿ?

ಸುಮ್ನೆಓದುಗ

ಸರ್, ದಡ್ಡ ಪ್ರಶ್ನೆ ಅಂದುಕೊಳ್ಳಬೇಡಿ. ‘ಮೂಲರೂಪ’ ಅಂತ ಒಂದು ಇತ್ತು ಅಂತ ಯಾಕೆ ಅಂದುಕೊಳ್ಳಬೇಕು? ಮೊದಲ ಐದು ಪುಸ್ತಕ ಮೋಶೆಯೇ ಬರೆದದ್ದು ಅಂತ ತಾನೇ ನಂಬಿಕೆ?

ಕುಡ್ಲದ ಪುಸ್ತಕಹುಳ

ದಡ್ಡ ಪ್ರಶ್ನೆ ಅಲ್ಲ ಮಾರಾಯ್ರೆ. ನಾನು ಸೆಮಿನರಿಯಲ್ಲಿ ಎರಡು ವರ್ಷ ಇದ್ದಾಗ ಇದೇ ಪ್ರಶ್ನೆಗೆ ಅರ್ಧ ಕ್ಲಾಸು ಎದ್ದು ಜಗಳಕ್ಕೆ ನಿಂತಿತ್ತು. (ಆಮೇಲೆ ನಾನು ಬ್ಯಾಂಕಿಗೆ ಸೇರಿದೆ, ಅದು ಬೇರೆ ಕಥೆ.)

ಒಂದು ಕೆಲಸ ಮಾಡಿ. ಹಳೇ ಕನ್ನಡ ಸತ್ಯವೇದ ಇದ್ದರೆ ಆದಿಕಾಂಡ ತೆಗೆಯಿರಿ, ನೋಹನ ಕಥೆ. ಎರಡು ಬಣ್ಣದ ಪೆನ್ಸಿಲ್ ಇಟ್ಟುಕೊಳ್ಳಿ. ‘ದೇವರು’ ಅಂತ ಬಂದ ಕಡೆ ಕೆಂಪು ಗೆರೆ, ‘ಯೆಹೋವ’ ಅಂತ ಬಂದ ಕಡೆ ನೀಲಿ ಗೆರೆ. 6ನೇ ಅಧ್ಯಾಯದ ಕೊನೆ ಪೂರ್ತಿ ಕೆಂಪು. ಅಲ್ಲಿ ಎಲ್ಲ ಪ್ರಾಣಿಗಳಲ್ಲಿ ಎರಡೆರಡು ತಗೋ ಅಂತ ಅಪ್ಪಣೆ. ಪುಟ ತಿರುಗಿಸಿ, 7ನೇ ಅಧ್ಯಾಯದ ಶುರು ನೀಲಿ. ಅಲ್ಲಿ ಶುದ್ಧ ಪ್ರಾಣಿಗಳಲ್ಲಿ ಏಳೇಳು ಜೋಡಿ ತಗೋ ಅಂತ. ಒಂದು ಕಡೆ ಮಳೆ 40 ದಿನ. ಇನ್ನೊಂದು ಕಡೆ ನೀರು 150 ದಿನ. ಬಿಡಿಸಿಟ್ಟರೆ ಎರಡು ಕಥೆ, ಎರಡೂ ತಮ್ಮಷ್ಟಕ್ಕೆ ಹೆಚ್ಚೂ ಕಡಿಮೆ ಪೂರ್ತಿ.

ನನಗೆ ಇಷ್ಟವಾದ ಜಾಗ 8ನೇ ಅಧ್ಯಾಯದ 20ನೇ ವಚನ. ನೀರು ಇಳಿದ ಮೇಲೆ ನೋಹ ಬಲಿ ಕೊಡುತ್ತಾನೆ. ಎರಡೇ ಎರಡು ಇದ್ದಿದ್ದರೆ ಬಲಿ ಕೊಟ್ಟ ಜಾತಿ ಅಲ್ಲಿಗೇ ಮುಗೀತು ಅಲ್ವಾ? ಬಲಿ ಇರುವುದು ನೀಲಿ ಕಥೆಯಲ್ಲಿ. ಅಲ್ಲಿ ಏಳು ಜೋಡಿ ಇದೆ, ಲೆಕ್ಕ ಸರಿ ಹೋಗುತ್ತದೆ. ಕೆಂಪು ಕಥೆಯಲ್ಲಿ ಬಲಿಯೇ ಇಲ್ಲ. ಇನ್ನು 7ನೇ ಅಧ್ಯಾಯದ 16ನೇ ವಚನ ನೋಡಿ. ಒಂದೇ ವಚನದಲ್ಲಿ ಅರ್ಧ ಕೆಂಪು, ಅರ್ಧ ನೀಲಿ. ದೇವರು ಆಜ್ಞಾಪಿಸಿದ ಪ್ರಕಾರ ಪ್ರಾಣಿಗಳು ಒಳಗೆ ಹೋದವು, ಯೆಹೋವನು ಬಾಗಿಲು ಮುಚ್ಚಿದನು. ಹೊಲಿಗೆ ಅಲ್ಲೇ ಕಾಣುತ್ತದೆ.

ಇದನ್ನು ಮೊದಲು ಹೀಗೆ ಎರಡು ಸಾಲಾಗಿ ಬಿಡಿಸಿದವರಲ್ಲಿ ಒಬ್ಬ ಫ್ರೆಂಚ್ ರಾಜನ ವೈದ್ಯ, ಝಾನ್ ಆಸ್ತ್ರುಕ್. 1753ರಲ್ಲಿ, ಹೆಸರು ಹಾಕದೆ ಪುಸ್ತಕ ತಂದ. ತಮಾಷೆ ಏನು ಅಂದರೆ ಅವನು ಮೋಶೆಯನ್ನು ಉಳಿಸಲು ಹೊರಟಿದ್ದ. ಮೋಶೆ ಹಳೇ ದಾಖಲೆಗಳನ್ನು ಇಟ್ಟುಕೊಂಡು ಬರೆದ ಅಂತ ಅವನ ವಾದ. 1805ರಲ್ಲಿ ದೆ ವೆಟ್ಟೆ ಎಂಬ ಜರ್ಮನ್ ವಿದ್ವಾಂಸ ಧರ್ಮೋಪದೇಶಕಾಂಡವೇ ಬೇರೆ ಕೈ ಅಂದ. 1878ರಲ್ಲಿ ವೆಲ್‌ಹೌಸನ್ ಎಲ್ಲವನ್ನೂ ಒಟ್ಟು ಮಾಡಿ ನಾಲ್ಕು ಮೂಲ ಅಂತ ನಿಲ್ಲಿಸಿದ: ಯೆಹೋವ ಮೂಲ, ಎಲೋಹೀಮ್ (ಹೀಬ್ರೂವಿನಲ್ಲಿ ‘ದೇವರು’) ಮೂಲ, ಧರ್ಮೋಪದೇಶ ಮೂಲ, ಯಾಜಕ ಮೂಲ. ಈಗ ಆ ನಾಲ್ಕರ ಲೆಕ್ಕವನ್ನು ಎಲ್ಲರೂ ಹಾಗೇ ಒಪ್ಪುವುದಿಲ್ಲ. ಆದರೆ ಒಂದೇ ಕೈ ಅಂತ ವಿಶ್ವವಿದ್ಯಾಲಯಗಳಲ್ಲಿ ಹೇಳುವವರು ತೀರಾ ಕಡಿಮೆ.

ಮೋಶೆ ಸತ್ತ ಪ್ರಸಂಗ ಮೋಶೆಯೇ ಬರೆದನಾ ಅನ್ನುವ ಪ್ರಶ್ನೆ ಯಹೂದಿ ಪಂಡಿತರಿಗೂ ಹೊಸದಲ್ಲ. ಕೊನೆಯ ಎಂಟು ವಚನ ಮೋಶೆಯ ನಂತರದ ನಾಯಕ ಯೆಹೋಶುವ ಬರೆದ ಅಂತ ಯಹೂದಿಗಳ ಹಳೇ ವ್ಯಾಖ್ಯಾನ ಗ್ರಂಥ ತಾಲ್ಮುದ್‌ನಲ್ಲೇ ಒಂದು ಅಭಿಪ್ರಾಯ ಇದೆ.

ಸುಮ್ನೆಓದುಗ

ಅಬ್ಬಾ. ಮಗಳ ಕ್ರೇಯಾನ್ ತಗೊಂಡು ಕೂತೆ, ಒಂದು ಗಂಟೆ ಹೋಯ್ತು. 7:16 ನಿಜ! ಹೆಂಡತಿ ಬಂದು ‘ಬೈಬಲಿಗೆ ಬಣ್ಣ ಬಳೀತಿದ್ದೀರಾ’ ಅಂದಳು.

ಕಿರಿಕ್ ಕೃಷ್ಣ

ಎಲ್ಲ ಧರ್ಮಗ್ರಂಥನೂ ಯಾರೋ ಬರೆದು ಯಾರೋ ತಿದ್ದಿದ್ದೇ. ಇದರಲ್ಲಿ ಖೋಟಾ ಯಾವುದು ಅಸಲಿ ಯಾವುದು? ಟೈಂ ವೇಸ್ಟ್.

ಲಿಪಿಪ್ರಿಯೆ

ಕೃಷ್ಣ ಅವರೇ, ಕಥೆ ನಿಜವೋ ಸುಳ್ಳೋ ಅನ್ನೋದು ಒಂದು ಪ್ರಶ್ನೆ. ತೊಗಲು, ಮಸಿ, ಕೈಬರಹ ಯಾವ ಕಾಲದ್ದು ಅನ್ನೋದು ಬೇರೆ ಪ್ರಶ್ನೆ. ಮೊದಲನೆಯದಕ್ಕೆ ಭಕ್ತಿ ಬೇಕೋ ಬೇಡವೋ ನಿಮಗೆ ಬಿಟ್ಟದ್ದು. ಎರಡನೆಯದಕ್ಕೆ ಭೂತಗನ್ನಡಿ ಸಾಕು.

ಓಲೆಗರಿ ಅವರೇ, ಕಥೆ ಚೆನ್ನಾಗಿ ಹೇಳಿದ್ದೀರಿ. ಆದರೆ ಒಂದು ಅಧ್ಯಾಯ ನುಂಗಿದ್ದೀರಿ. ಬೇಕಂತಲೇನಾ? 🙂 ಮೋವಾಬಿನ ಮಡಕೆಗಳು.

1868ರಲ್ಲಿ ಈಗಿನ ಜೋರ್ಡನ್ನಿನ ದೀಬಾನ್ ಹತ್ತಿರ ಮೇಶಾ ಶಾಸನ ಸಿಕ್ಕಿತು. ಹಳೇ ಮೋವಾಬ್ ರಾಜ್ಯದ ರಾಜ ಮೇಶಾ ಬರೆಸಿದ್ದು. ಕರಿಕಲ್ಲಿನ ಶಾಸನ, 34 ಸಾಲು, ಕ್ರಿ.ಪೂ. 9ನೇ ಶತಮಾನದ್ದು. ಇಸ್ರೇಲಿನ ರಾಜ ಒಮ್ರಿಯ ಹೆಸರು ಅದರಲ್ಲಿದೆ. ಯುರೋಪಿನವರು ಕಿತ್ತಾಡುವುದು ನೋಡಿ ಬೆದುಯಿನ್ನರು ಅದನ್ನು ಬೆಂಕಿಯಲ್ಲಿ ಕಾಯಿಸಿ ತಣ್ಣೀರು ಹೊಯ್ದು ಒಡೆದೇಬಿಟ್ಟರು. ಕ್ಲೆರ್ಮೊಂ ಗಾನೋ ಎಂಬ ಫ್ರೆಂಚ್ ಯುವಕ ಅದಕ್ಕೂ ಮೊದಲೇ ಒದ್ದೆ ಕಾಗದ ಒತ್ತಿಸಿ ಅಚ್ಚು ತೆಗೆಸಿದ್ದ. ಹಾಗಾಗಿ ಓದಲು ಉಳಿಯಿತು. ಶಾಸನ ಓದುವವರಿಗೆ ಆ ಒದ್ದೆ ಕಾಗದದ ಬೆಲೆ ಗೊತ್ತು.

ಅದರ ಬೆನ್ನಿಗೇ ಶಪೀರಾನ ಅಂಗಡಿಗೆ ಮೋವಾಬಿನ ಮಣ್ಣಿನ ಬೊಂಬೆ, ಮಡಕೆ ರಾಶಿ ರಾಶಿ ಬರತೊಡಗಿದವು. ಮೈ ತುಂಬಾ ಅದೇ ಹಳೇ ಅಕ್ಷರ. ಬರ್ಲಿನ್ ಮ್ಯೂಸಿಯಂ 1,700 ತುಂಡುಗಳನ್ನು 22,000 ಥಾಲರ್ ಕೊಟ್ಟು ಕೊಂಡಿತು. ಎಲ್ಲ ಖೋಟಾ. ಹಿಡಿದವನು ಅದೇ ಕ್ಲೆರ್ಮೊಂ ಗಾನೋ. ಮಾಡಿದವನು ಸಲೀಂ ಅಲ್ ಕಾರಿ, ಶಪೀರಾನ ಜೊತೆಗಾರ. ಈ ಸಲೀಂ ಹಿಂದೆ ಕ್ಲೆರ್ಮೊಂ ಗಾನೋಗಾಗಿ ಮೇಶಾ ಶಾಸನದ ಕೆಲವು ಸಾಲುಗಳನ್ನು ಕೈಯಲ್ಲಿ ನಕಲು ಮಾಡಿಕೊಟ್ಟಿದ್ದ! ಅಂದರೆ ಆ ಅಕ್ಷರ ಅವನ ಕೈಗೆ ಪಳಗಿತ್ತು.

ಬರ್ಲಿನ್ ಒಂದೂವರೆ ಗಂಟೆಯಲ್ಲಿ ಎದ್ದದ್ದು ಯಾಕೆ ಅಂತ ಈಗ ಅರ್ಥ ಆಯಿತಲ್ಲ? ಕೈ ಸುಟ್ಟುಕೊಂಡವರು.

ಈಗ ಪಟ್ಟಿಗೆ ಬರೋಣ. ಕ್ಲೆರ್ಮೊಂ ಗಾನೋಗೆ ಮೊದಲ ದಿನ ಎರಡು ಮೂರು ಪಟ್ಟಿ ಕೆಲವು ನಿಮಿಷ ನೋಡಲು ಸಿಕ್ಕಿತು. ಆಮೇಲೆ ಶಪೀರಾ ಬೇಡ ಅಂದ. ಕ್ಲೆರ್ಮೊಂ ಗಾನೋ ಜನರ ಮಧ್ಯೆ ನಿಂತು ಗಾಜಿನ ಮೇಲಿಂದಲೇ ಬಗ್ಗಿ ನೋಡಿದ. ಅವನು ಅಕ್ಷರವನ್ನೇ ನೋಡುತ್ತಾ ಕೂರಲಿಲ್ಲ, ಅಂಚು ನೋಡಿದ. ಒಂದು ಅಂಚು ಹಳೆಯದು, ಇನ್ನೊಂದು ಹೊಸದಾಗಿ ಕತ್ತರಿಸಿದ್ದು. ತೊಗಲಿನ ಮೇಲೆ ಮೊನೆಯಿಂದ ಗೀರಿದ ಉದ್ದ ಗೆರೆಗಳಿವೆ. ಯಹೂದಿ ಸಭಾಮಂದಿರದ ತೋರಾ (ಬೈಬಲಿನ ಮೊದಲ ಐದು ಪುಸ್ತಕ) ಸುರುಳಿಯಲ್ಲಿ ಅಂಕಣದ ಎರಡೂ ಬದಿಗೆ ಎಳೆಯುವ ಗೆರೆ ಅದು. ಈ ಪಟ್ಟಿಯ ಬರಹ ಆ ಗೆರೆಯನ್ನು ಲೆಕ್ಕಕ್ಕೇ ಇಟ್ಟಿಲ್ಲ, ಅದರ ಮೇಲೇ ಹಾದು ಹೋಗಿದೆ. ಅಂದರೆ ಯಾರೋ ಕೆಲವು ನೂರು ವರ್ಷ ಹಳೇ ತೋರಾ ಸುರುಳಿಯ ಕೆಳಗಿನ ಖಾಲಿ ಅಂಚನ್ನು ಉದ್ದಕ್ಕೆ ಕತ್ತರಿಸಿಕೊಂಡು ಅದರ ಮೇಲೆ ಬರೆದಿದ್ದಾರೆ. ಪಟ್ಟಿ ಅಷ್ಟು ಕಿರಿದಾಗಿರುವುದಕ್ಕೆ ಕಾರಣವೂ ಅದೇ. ಅಂಥ ಸುರುಳಿ ಯಾರ ಅಂಗಡಿಯಲ್ಲಿ ಇತ್ತು? ಶಪೀರಾನದೇ.

ನನಗೆ ಇದು ಬಲವಾದ ಸಾಕ್ಷಿ.

ಓಲೆಗರಿ

ಮಡಕೆ ವಿಷಯ ನುಂಗಿದ್ದು ನಿಜ, ತಪ್ಪಾಯ್ತು. ಶಪೀರಾನ ಪರ ಬರೆಯುವ ಹುಮ್ಮಸ್ಸು.

ಆದರೆ ಎರಡು ಮಾತು. ಒಂದು, ಕುಮ್ರಾನ್ ಸುರುಳಿಗಳಲ್ಲೂ ಲಿಪಿಕಾರರು ಎಡ ಅಂಚಿನ ಗೆರೆ ದಾಟಿ ಬರೆದಿರುವುದು ಬೇಕಾದಷ್ಟಿದೆ. ಗೆರೆ ದಾಟಿದ್ದಕ್ಕೇ ಖೋಟಾ ಅನ್ನೋಕಾಗಲ್ಲ. ಎರಡು, ಸಲೀಂ ಮಡಕೆ ಮೇಲೆ ಬರೆದದ್ದು ಅರ್ಥವೇ ಇಲ್ಲದ ಅಕ್ಷರಗಳ ಗೊಂಚಲು. ಅವನಿಗೆ ಹೀಬ್ರೂ ಬರುತ್ತಿರಲಿಲ್ಲ. ಪಟ್ಟಿಯಲ್ಲಿ ಇರುವುದು ಓದಿದರೆ ಅರ್ಥವಾಗುವ, ಸಾಲಾಗಿ ಹೋಗುವ ಗದ್ಯ. ಅದನ್ನು ಸಲೀಂ ಬರೆಯೋಕೆ ಸಾಧ್ಯವೇ ಇಲ್ಲ. ಶಪೀರಾನೂ ಅಲ್ಲ ಅಂತ ಆ ಮೂರು ಹಾಳೆ ಹೇಳುತ್ತವೆ. ಹಾಗಾದರೆ ಬರೆದವರು ಯಾರು?

ಲಿಪಿಪ್ರಿಯೆ

ಇಲ್ಲೇ ನೀವು ಜಾರುತ್ತಿರುವುದು. ‘ಶಪೀರಾ ಮಾಡಲಿಲ್ಲ’ ಅನ್ನೋದು ಒಂದು ಮಾತು. ‘ಇದು ಅಸಲಿ’ ಅನ್ನೋದು ಇನ್ನೊಂದು. ಮೊದಲನೆಯದನ್ನು ನಾನು ಒಪ್ಪಿಕೊಳ್ಳಬಲ್ಲೆ. ಆ ಹಾಳೆಗಳು ನಿಜವಾದ ಒದ್ದಾಟ ಅಂತಲೇ ಇಟ್ಟುಕೊಳ್ಳಿ. ಆಗ ಗೊತ್ತಾಗುವುದು ಶಪೀರಾ ಮೋಸ ಹೋದ ಅಂತ ಮಾತ್ರ. ಮಡಕೆಯಲ್ಲೂ ಅವನು ಮೋಸ ಹೋಗಿದ್ದ ಅಂತ ತಾನೇ ಅವನ ಪರ ವಾದ? ಒಂದು ಸಲ ಮೋಸ ಹೋದವನು ಎರಡನೇ ಸಲ ಹೋಗಲಾರ ಅಂತೇನಿಲ್ಲ.

ಯಾರು ಬರೆದರು ಅಂತ ನನಗೆ ಹೆಸರು ಕೊಡಬೇಕಿಲ್ಲ. ಜೆರುಸಲೇಮಿನಲ್ಲಿ ಆಗ ಬೈಬಲಿನ ಹೀಬ್ರೂ ಬಾಯಿಪಾಠ ಇದ್ದವರು ನೂರಾರು ಜನ. ಧರ್ಮೋಪದೇಶಕಾಂಡ ಎದುರಿಗಿಟ್ಟುಕೊಂಡು ಬಿಟ್ಟು ಬಿಟ್ಟು ಬರೆಯುವುದು ಅವರಿಗೆ ಕಷ್ಟವಲ್ಲ. ಅಕ್ಷರಕ್ಕೆ ಮೇಶಾ ಶಾಸನದ ಮಾದರಿ ಅಷ್ಟರಲ್ಲಿ ಅಚ್ಚಾಗಿತ್ತು. ಪಟ್ಟಿಯ ಅಕ್ಷರಗಳು ಆ ಶಾಸನವನ್ನೇ ಹೋಲುತ್ತವೆ. ಕಲ್ಲಲ್ಲಿ ಕೊರೆದ ಅಕ್ಷರದ ಮಾದರಿ ಹಿಡಿದು ತೊಗಲಲ್ಲಿ ಮಸಿಯಿಂದ ಬರೆದ ಹಾಗೆ. ನಮ್ಮಲ್ಲಿ ಶಾಸನದ ಅಕ್ಷರಕ್ಕೂ ಓಲೆಯ ಅಕ್ಷರಕ್ಕೂ ಕೈ ಬೇರೆ ಅಂತ ಓಲೆ ಮುಟ್ಟಿದ ಯಾರಿಗೂ ಗೊತ್ತು.

ಗಂಗವಾಡಿ

ಈ ಮಾತಿಗೆ ನೆನಪಾಯ್ತು. ನಮ್ಮ ಗಂಗರ ತಾಮ್ರಶಾಸನಗಳ ಜಗಳವೂ ಹೆಚ್ಚೂ ಕಡಿಮೆ ಅದೇ ಕಾಲದ್ದು. ಶಾಸನ ವಿದ್ವಾಂಸ ಫ್ಲೀಟ್ ಅವುಗಳಲ್ಲಿ ಎಷ್ಟನ್ನೋ ಕೂಟಶಾಸನ, ಅಂದರೆ ಖೋಟಾ ಶಾಸನ ಅಂತ ತಳ್ಳಿದ. ಇನ್ನೊಬ್ಬ ಶಾಸನ ವಿದ್ವಾಂಸ ಬಿ.ಎಲ್. ರೈಸ್ ಬಿಡಲಿಲ್ಲ. ವರ್ಷಗಟ್ಟಲೆ ನಡೆಯಿತು. ಆದರೆ ಒಂದು ವ್ಯತ್ಯಾಸ. ನಮ್ಮ ಕೂಟಶಾಸನಗಳನ್ನು ಮಾಡಿದವರೂ ಹಳಬರೇ, ಜಮೀನಿನ ಹಕ್ಕಿಗಾಗಿ ಹಳೇ ರಾಜನ ಹೆಸರಲ್ಲಿ ಬರೆಸಿಕೊಂಡದ್ದು. ಹಾಗಾಗಿ ಖೋಟಾ ಆದರೂ ಅದಕ್ಕೂ ಇತಿಹಾಸದಲ್ಲಿ ಬೆಲೆ ಇದೆ. ಫ್ಲೀಟ್ ಕೊಟ್ಟ ಕಾರಣಗಳಲ್ಲಿ...

ನಿರ್ವಾಹಕರು

ಗಂಗವಾಡಿಯವರೇ, ತಾಮ್ರಶಾಸನಕ್ಕೆ ಬೇರೆ ಎಳೆ ತೆರೆಯಿರಿ, ನಾವೂ ಬರುತ್ತೇವೆ. ಉಳಿದ ನಾಲ್ಕು ಪ್ಯಾರಾವನ್ನು ಅಲ್ಲಿಗೆ ಸಾಗಿಸಿದ್ದೇನೆ.

ಕುಡ್ಲದ ಪುಸ್ತಕಹುಳ

ಇರಲಿ, ಅವರು ಹೇಳಿದ್ದರಲ್ಲಿ ಒಂದು ಮಾತು ಇಲ್ಲಿಗೇ ಸಲ್ಲುತ್ತದೆ. ಹಳಬರೂ ಹಳೇ ಹೆಸರಲ್ಲಿ ಬರೆದಿದ್ದಾರೆ. ಧರ್ಮೋಪದೇಶಕಾಂಡದ ಕಥೆಯೇ ನೋಡಿ.

ಅರಸುಗಳು ಎರಡನೆಯ ಭಾಗ, 22ನೇ ಅಧ್ಯಾಯ. ಯೋಷೀಯ ರಾಜನ ಕಾಲ, ಕ್ರಿ.ಪೂ. 622ರ ಸುಮಾರು. ದೇವಾಲಯದ ರಿಪೇರಿ ನಡೆಯುತ್ತಿದೆ. ಮಹಾಯಾಜಕ ಹಿಲ್ಕೀಯ ಬಂದು, ನನಗೆ ಧರ್ಮಶಾಸ್ತ್ರದ ಪುಸ್ತಕ ಸಿಕ್ಕಿತು ಅನ್ನುತ್ತಾನೆ. ಲೇಖಕ ಶಾಫಾನ ಅದನ್ನು ರಾಜನಿಗೆ ಓದಿ ಹೇಳುತ್ತಾನೆ. ರಾಜ ಬಟ್ಟೆ ಹರಿದುಕೊಳ್ಳುತ್ತಾನೆ. ಆಮೇಲೆ ಏನು ಮಾಡುತ್ತಾನೆ? ಇದು ನಿಜವಾ ಅಂತ ವಿಚಾರಿಸಲು ಹುಲ್ದಾ ಎಂಬ ಪ್ರವಾದಿನಿಯ ಮನೆಗೆ ಕಳಿಸುತ್ತಾನೆ. ಹಸ್ತಪ್ರತಿ ಪರೀಕ್ಷೆಗೆ ಮೊದಲ ತಜ್ಞೆ ಒಬ್ಬ ಹೆಂಗಸು ಅಂತ ನಾವು ಸೆಮಿನರಿಯಲ್ಲಿ ತಮಾಷೆ ಮಾಡುತ್ತಿದ್ದೆವು.

ದೆ ವೆಟ್ಟೆ ಹೇಳಿದ್ದು ಇದನ್ನೇ. ಆ ‘ಸಿಕ್ಕ’ ಪುಸ್ತಕ ಧರ್ಮೋಪದೇಶಕಾಂಡದ ಆರಂಭದ ರೂಪ, ಅದು ಆ ಕಾಲಕ್ಕೇ ಹತ್ತಿರದಲ್ಲಿ ಬರೆದದ್ದು ಅಂತ. ಯಾಕೆಂದರೆ ಯೋಷೀಯ ಮಾಡಿದ ಸುಧಾರಣೆಯೂ ಪುಸ್ತಕದ ಕಾನೂನೂ ಒಂದಕ್ಕೊಂದು ಕೂಡುತ್ತವೆ. ಬಲಿ ಒಂದೇ ಜಾಗದಲ್ಲಿ ಕೊಡಬೇಕು ಅನ್ನುವ 12ನೇ ಅಧ್ಯಾಯದ ಕಟ್ಟಳೆ ಮುಖ್ಯವಾಗಿ.

ಈಗ ಶಪೀರಾನ ಪಟ್ಟಿಗೆ ಬನ್ನಿ. ಅದರಲ್ಲಿ ಇಲ್ಲದಿರುವುದೇ ಆ ಕಾನೂನು! ಕಾನೂನು ಸೇರುವುದಕ್ಕಿಂತ ಮೊದಲಿನ ರೂಪ ಇದು, ಅದಕ್ಕೇ ಇಲ್ಲ ಅನ್ನೋದು ಡರ್ಶೋವಿಟ್ಸ್ ವಾದ. ಮುಂದೆ ವಿದ್ವಾಂಸರು ಧರ್ಮೋಪದೇಶಕಾಂಡದಲ್ಲಿ ಯಾವ ಯಾವ ವಚನ ಆಮೇಲೆ ಸೇರಿದ್ದು ಅಂತ ಗುರುತಿಸಿದರೋ ಅವೂ ಪಟ್ಟಿಯಲ್ಲಿ ಇಲ್ಲ, 1880ರ ಖೋಟಾಗಾರನಿಗೆ ಅದು ಹೇಗೆ ಗೊತ್ತಿರುತ್ತದೆ ಅಂತ ಅವರ ಪ್ರಶ್ನೆ. ಒಳ್ಳೇ ಪ್ರಶ್ನೆ ಹೌದು. ಆದರೆ ಪೂರ್ತಿ ಪುಸ್ತಕದಿಂದ ಕಾನೂನು ಬಿಟ್ಟು, ಮಾತು ಕಡಿಮೆ ಮಾಡಿ ಬರೆದರೆ ಹೇಗೂ ಎಷ್ಟೋ ವಚನ ಬಿಟ್ಟುಹೋಗುತ್ತವೆ. ಅದರಲ್ಲಿ ಕೆಲವು ಆಮೇಲಿನ ವಿದ್ವಾಂಸರು ಗುರುತಿಸಿದ ವಚನಗಳಿಗೂ ಸರಿಹೊಂದಬಹುದು.

ನನಗೆ ಗಂಟಲಲ್ಲಿ ಸಿಕ್ಕಿಕೊಂಡಿರುವುದು ಬೇರೆ. ಪಟ್ಟಿಯ ಹತ್ತು ಆಜ್ಞೆಗಳ ಕೊನೆಗೆ ಒಂದು ಹೊಸದು ಇದೆ. ‘ನಿನ್ನ ಸಹೋದರನನ್ನು ಹೃದಯದಲ್ಲಿ ದ್ವೇಷಿಸಬೇಡ.’ ಕೇಳಿದ ಹಾಗಿದೆ ಅಲ್ವಾ? ಅದು ಯಾಜಕಕಾಂಡ 19ನೇ ಅಧ್ಯಾಯದ 17ನೇ ವಚನ. ಅದೂ ವೆಲ್‌ಹೌಸನ್ ಕಾಲದಿಂದ ಹೆಚ್ಚಿನವರು ಧರ್ಮೋಪದೇಶಕಾಂಡಕ್ಕಿಂತ ಈಚಿನದು ಅನ್ನುವ ಭಾಗ. ಅಜ್ಜನ ಪೆಟ್ಟಿಗೆಯಲ್ಲಿ ಮೊಮ್ಮಗನ ಅಂಗಿ ಸಿಕ್ಕ ಹಾಗೆ. ಯಾಜಕಕಾಂಡವೇ ಇದರಿಂದ ತೆಗೆದುಕೊಂಡಿತು ಅಂತ ಆ ಕಡೆಯವರು ತಿರುಗಿಸಬಹುದು. ತಿರುಗಿಸಲಿ. ಪೂರ್ತಿ ಬೈಬಲ್ ಎದುರಿಗಿಟ್ಟುಕೊಂಡವನ ಕೈ ಅಂತ ನನಗೆ ಕಾಣುವುದು ಅಲ್ಲೇ.

ಆಂಬೂರಿನಿಂದ

ನಾನು ಚರ್ಮದ ಕೆಲ್ಸದವನು. ಹದ ಮಾಡುವ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ. ಹೀಬ್ರೂ ಗೊತ್ತಿಲ್ಲ, ತೊಗಲು ಗೊತ್ತು. ಎರಡು ವಿಷಯ ಹೇಳಿ ಹೋಗುತ್ತೇನೆ.

ಹಳೇ ಚರ್ಮ ಒಣಗಿದಾಗ ಮೇಲ್ಮೈ ಕೆರೆ ಬತ್ತಿದ ಹಾಗೆ ಬಿರುಕು ಬಿಡುತ್ತದೆ. ಚರ್ಮ ಹೊಸದಿದ್ದಾಗ ಬರೆದಿದ್ದರೆ ಅಕ್ಷರವೂ ಅದರ ಜೊತೆಗೇ ಬಿರುಕು ಬಿಡಬೇಕು. ಬಿರುಕು ಬಿಟ್ಟ ಮೇಲೆ ಬರೆದರೆ ಮಸಿ ಬಿರುಕಿನೊಳಗೆ ಹರಿದು ನಿಲ್ಲುತ್ತದೆ. ಭೂತಗನ್ನಡಿ ಹಿಡಿದರೆ ಎರಡು ನಿಮಿಷದ ಕೆಲಸ. ವಾಷಿಂಗ್ಟನ್ನಿನ ಬೈಬಲ್ ಮ್ಯೂಸಿಯಂನಲ್ಲಿ ಮೃತ ಸಮುದ್ರದ ಸುರುಳಿಯ 16 ಚೂರುಗಳಿದ್ದವು. 2018ರಲ್ಲಿ ಐದನ್ನು ತೆಗೆದರು, 2020ರಲ್ಲಿ ಹದಿನಾರೂ ಖೋಟಾ ಅಂತ ಅವರೇ ಒಪ್ಪಿಕೊಂಡರು. ಸಿಕ್ಕಿಬಿದ್ದದ್ದು ಹೀಗೇ, ಬಿರುಕಿನಲ್ಲಿ ನಿಂತ ಮಸಿಯಿಂದ. ಇನ್ನೊಂದು, ಅಸಲಿ ಸುರುಳಿಗಳು ಹೆಚ್ಚಾಗಿ ಕೂದಲು ತೆಗೆದು ಎಳೆದು ಒಣಗಿಸಿದ ತೆಳು ತೊಗಲು. ಆ ಚೂರುಗಳಲ್ಲಿ ಹೆಚ್ಚಿನವು ಹದ ಮಾಡಿದ ದಪ್ಪ ಚರ್ಮ. ಹಳೇ ಚಪ್ಪಲಿಯ ಚರ್ಮವೇ ಇರಬಹುದು ಅಂತ ಪರೀಕ್ಷೆ ಮಾಡಿದವರು ಹೇಳಿದರು. ಓದಿ ನಕ್ಕುಬಿಟ್ಟೆ.

ಇಂಗಾಲದ ಪರೀಕ್ಷೆ ಮಾಡಿದರೆ ಸಾಕು ಅಂತ ಕೆಲವರು ಅಂದುಕೊಂಡಿರುತ್ತಾರೆ. ಅದು ಪ್ರಾಣಿ ಸತ್ತದ್ದು ಯಾವಾಗ ಅಂತ ಹೇಳುತ್ತದೆ, ಬರೆದದ್ದು ಯಾವಾಗ ಅಂತ ಅಲ್ಲ.

ಓಲೆಗರಿ

ಆಂಬೂರಿನವರೇ, ಬಹಳ ಥ್ಯಾಂಕ್ಸ್. ಇಡೀ ಎಳೆಯಲ್ಲಿ ನಿಮ್ಮ ಎರಡು ಪ್ಯಾರಾ ನನಗೆ ಜಾಸ್ತಿ ಕಲಿಸಿತು. ಇದನ್ನೇ ಶಪೀರಾನ ಪಟ್ಟಿಗೆ ಮಾಡಿದ್ದರೆ ಅರ್ಧ ದಿನದಲ್ಲಿ ಮುಗಿಯುತ್ತಿತ್ತು. ಪಟ್ಟಿಯೇ ಇಲ್ಲ, ಏನು ಮಾಡೋದು. ನಮ್ಮ ಹತ್ತಿರ ಉಳಿದಿರುವುದು ಗಿನ್ಸ್‌ಬರ್ಗ್ ಮತ್ತು ಲೈಪ್ಜಿಗ್‌ನ ಗೂಥೆ ನಕಲು ಮಾಡಿಕೊಂಡ ಪಠ್ಯ, ಕೆಲವು ಚಿತ್ರಗಳು, ಅಷ್ಟೇ.

ಸಹೋದರನನ್ನು ದ್ವೇಷಿಸಬೇಡ ಅನ್ನುವ ವಚನ ನನಗೂ ಈಗ ಕುಟುಕುತ್ತಿದೆ. ಅಜ್ಜನ ಪೆಟ್ಟಿಗೆ ಮಾತು ತಲೆಯಿಂದ ಹೋಗುತ್ತಿಲ್ಲ. ಅಸಲಿ ಅಂತ ನಾನಿನ್ನು ಪಟ್ಟು ಹಿಡಿಯುವುದಿಲ್ಲ. ಆದರೆ 1883ರಲ್ಲಿ ಕೊಟ್ಟ ಕಾರಣಗಳೆಲ್ಲ ಸರಿಯಿದ್ದವು ಅಂತಲೂ ಒಪ್ಪಲಾರೆ. ಪ್ಯಾಲೆಸ್ತೀನಿನ ಮಳೆಗೆ ತೊಗಲು ಅಷ್ಟು ವರ್ಷ ಬಾಳುವುದೇ ಇಲ್ಲ ಅಂತ ಆಗ ಕೆಲವರು ಬರೆದರು. ಕುಮ್ರಾನ್ ಅದನ್ನು ಸುಳ್ಳು ಮಾಡಿತು.

ಲಿಪಿಪ್ರಿಯೆ

ಅದನ್ನು ಒಪ್ಪಿದೆ. ಆದರೆ ಕುಮ್ರಾನಿನಲ್ಲಿ ಅತಿ ಹಳೆಯದು ಕ್ರಿ.ಪೂ. 3ನೇ ಶತಮಾನ. ನಿಮ್ಮ ಪಟ್ಟಿ ಅದಕ್ಕಿಂತ ನಾಲ್ಕೈದು ಶತಮಾನ ಹಳೆಯದಾಗಬೇಕು. ಅಷ್ಟು ಹಿಂದಿನದು ಅಂದರೆ ಅದೇ ಮರುಭೂಮಿಯ ವಾದಿ ಮುರಬ್ಬಾತ್‌ನಲ್ಲಿ ಒಂದು ಪಪೈರಸ್ ಚೂರು ಸಿಕ್ಕಿದೆ, ಕ್ರಿ.ಪೂ. 7ನೇ ಶತಮಾನದ ಆಸುಪಾಸು. ಒಣ ಗುಹೆಯಾದರೆ ಅಸಾಧ್ಯ ಅಲ್ಲ ಅನ್ನುವ ಮಟ್ಟಿಗೆ ನಿಮ್ಮ ಕಡೆ ಒಂದು ಅಂಕ ತಗೊಳ್ಳಿ.

ಇನ್ನೊಂದು ಅಂಕವೂ ಕೊಡುತ್ತೇನೆ. ಧರ್ಮೋಪದೇಶಕಾಂಡದ ಪಾಠ ಒಂದೇ ಥರ ಇರಲಿಲ್ಲ ಅನ್ನೋದು ಕುಮ್ರಾನಿನಿಂದ ಖಚಿತ ಆಯಿತು. 32ನೇ ಅಧ್ಯಾಯದ 8ನೇ ವಚನ. ಸಾಂಪ್ರದಾಯಿಕ ಹೀಬ್ರೂ ಪಾಠದಲ್ಲಿ ದೇವರು ಜನಾಂಗಗಳ ಎಲ್ಲೆ ಗೊತ್ತುಮಾಡಿದ್ದು ‘ಇಸ್ರೇಲಿನ ಮಕ್ಕಳ’ ಲೆಕ್ಕದಲ್ಲಿ. ಕುಮ್ರಾನಿನ ಒಂದು ಚೂರಿನಲ್ಲಿ ‘ದೇವರ ಮಕ್ಕಳ’ ಲೆಕ್ಕದಲ್ಲಿ. ಹಳೇ ಗ್ರೀಕ್ ಅನುವಾದವೂ ಇದರ ಕಡೆಗೇ. ಯಾರೋ ಲಿಪಿಕಾರನಿಗೆ ‘ದೇವರ ಮಕ್ಕಳು’ ಅಂದರೆ ಮುಜುಗರ ಆಗಿ ತಿದ್ದಿದ್ದಾನೆ. ನನಗೆ ಶಪೀರಾನ ಪಟ್ಟಿಗಿಂತ ಈ ಒಂದು ಪದ ಹೆಚ್ಚು ರೋಮಾಂಚನ. ಅಂಗೈಯಗಲದ ಚೂರು, ಯಾರೂ ಹತ್ತು ಲಕ್ಷ ಕೇಳಲಿಲ್ಲ.

ಸುಮ್ನೆಓದುಗ

ಶಪೀರಾನ ಮನೆಯವರು ಏನಾದರು? ಅದು ಯಾರೂ ಹೇಳಲಿಲ್ಲ.

ಕುಡ್ಲದ ಪುಸ್ತಕಹುಳ

ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಚಿಕ್ಕವಳು ಮುಂದೆ ಪ್ಯಾರಿಸ್ಸಿಗೆ ಹೋಗಿ ಮಿರಿಯಂ ಹ್ಯಾರಿ ಎಂಬ ಹೆಸರಿನಲ್ಲಿ ಫ್ರೆಂಚ್ ಕಾದಂಬರಿಗಾರ್ತಿ ಆದಳು. ಅಲ್ಲಿನ ಫೆಮಿನಾ ಪ್ರಶಸ್ತಿ ಮೊಟ್ಟಮೊದಲು ಬಂದದ್ದು ಅವಳಿಗೇ. ಅಪ್ಪನ ಕಥೆಯನ್ನೂ ಕಾದಂಬರಿಯಲ್ಲಿ ತಂದಳು. ಅವರು ಬಾಡಿಗೆಗಿದ್ದ ಮನೆ ಜೆರುಸಲೇಮಿನಲ್ಲಿ ಈಗಲೂ ಇದೆ, ಟಿಕೋ ಹೌಸ್ ಅಂತಾರೆ.

ಡರ್ಬಿ ಸೀನ

ತಡವಾಗಿ ನೋಡಿದೆ. ಪಟ್ಟಿಗಳು ಬೆಂಕಿಯಲ್ಲಿ ಸುಟ್ಟು ಹೋದವು ಅಂತ ಎಲ್ಲೋ ಓದಿದ್ದೆ. ನಿಜವಾ?

ಓಲೆಗರಿ

ಹರಾಜಿನಲ್ಲಿ ಕೊಂಡದ್ದು ಕ್ವಾರಿಚ್ ಎಂಬ ಪುಸ್ತಕ ವ್ಯಾಪಾರಿ. ಆತ 1887ರಲ್ಲಿ ಲಂಡನ್ನಿನ ಒಂದು ಪ್ರದರ್ಶನದಲ್ಲೂ ಇಟ್ಟಿದ್ದ, 25 ಪೌಂಡ್ ಬೆಲೆ ಹಾಕಿದ್ದ. ಅಲ್ಲಿಂದ ಸರ್ ಚಾರ್ಲ್ಸ್ ನಿಕಲ್ಸನ್ ಎಂಬವರ ಮನೆಗೆ ಹೋಗಿ, 1899ರಲ್ಲಿ ಆ ಮನೆಗೆ ಬೆಂಕಿ ಬಿದ್ದಾಗ ಸುಟ್ಟವು ಅಂತ ಬಹಳ ದಿನ ನಂಬಿದ್ದರು. ಆಮೇಲೆ ಹಳೇ ಪತ್ರಿಕೆಗಳಲ್ಲಿ ಬೇರೆ ಸುದ್ದಿ ಸಿಕ್ಕಿತು. 1889ರ ಮಾರ್ಚ್ 8ರಂದು ಬರ್ಟನ್ ಆನ್ ಟ್ರೆಂಟ್ ಊರಿನಲ್ಲಿ ಫಿಲಿಪ್ ಬ್ರೂಕ್ಸ್ ಮೇಸನ್ ಎಂಬ ಡಾಕ್ಟರು ಒಂದು ಉಪನ್ಯಾಸದಲ್ಲಿ ಇವನ್ನು ಜನರಿಗೆ ತೋರಿಸಿದ್ದರು. ಗಿಡ, ಹುಳ, ಮೊಟ್ಟೆ ಎಲ್ಲ ಸಂಗ್ರಹಿಸುತ್ತಿದ್ದ ಮನುಷ್ಯ. ಅಲ್ಲಿಂದ ಮುಂದೆ ಜಾಡು ಇಲ್ಲ.

ಡರ್ಬಿ ಸೀನ

ಏನು, ಬರ್ಟನ್ನಾ? ನಮ್ಮ ಪಕ್ಕದ ಊರು! ಬಿಯರ್ ಕಾರ್ಖಾನೆ ವಾಸನೆ ಬರೋ ಊರು. ಪ್ರತಿ ಶನಿವಾರ ಮಗನ ಕ್ರಿಕೆಟ್ಟಿಗೆ ಅಲ್ಲಿಗೇ ಹೋಗೋದು. ಅವನು ಆಡುವಾಗ ನಾನು ಕಾರಲ್ಲಿ ಕೂತು ನಿದ್ದೆ ಮಾಡ್ತೀನಿ. ಈ ಸಲ ಲೈಬ್ರರಿಗೆ ಹೋಗಿ ಹಳೇ ಪೇಪರ್ ಕೇಳ್ತೀನಿ. ಯಾರಿಗೆ ಗೊತ್ತು, ಯಾರದೋ ಅಟ್ಟದ ಮೇಲೆ ಮೊಟ್ಟೆ ಡಬ್ಬಿ ಜೊತೆ ಬಿದ್ದಿರಬಹುದು.

ಲಿಪಿಪ್ರಿಯೆ

ಸೀನ ಅವರೇ, ಅಕಸ್ಮಾತ್ ಸಿಕ್ಕರೆ ಅಕ್ಷರದ ಫೋಟೋ ಆಮೇಲೆ ತೆಗೆಯಿರಿ. ಮೊದಲು ಕೆಳಗಿನ ಅಂಚು. ಹತ್ತಿರದಿಂದ, ಪಕ್ಕದಿಂದ ಬೆಳಕು ಬಿಟ್ಟು.

ಆಂಬೂರಿನಿಂದ

ಮತ್ತೆ ಬಿರುಕು. ಒದ್ದೆ ಬಟ್ಟೇಲಿ ಮಾತ್ರ ಒರೆಸಬೇಡಿ ದಯವಿಟ್ಟು.